ಕಾಪಾಡಿದವನೇ ಕಾವಲುಗಾರನಾದಾಗ

ಈ ಪ್ರಕರಣದ ಗಾಯಕಿಯನ್ನು ಇಂಚರ ಎಂದು, ಅವಳ ಹುಡುಗನನ್ನು ಸುಹಾಸ್ ಎಂದು ಕರೆಯುತ್ತೇನೆ. ಎರಡೂ ನಾನು ಇಟ್ಟ ಹೆಸರು. ಗುರುತು ಹಿಡಿಯಬಹುದಾದ ಹಾಡು, ಕಾರ್ಯಕ್ರಮ, ಜಾಗ ಯಾವುದೂ ಇಲ್ಲಿಲ್ಲ. ಕೆಲವು ವಿವರಗಳನ್ನು ಬೇಕೆಂದೇ ಬದಲಾಯಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ, ಬರೆದದ್ದನ್ನು ಓದಿಯೂ ನೋಡಿದ್ದಾರೆ.

ಇಂಚರಳಿಗೆ 23 ವರ್ಷ. ಟಿವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಗೆದ್ದಾಗ ಇನ್ನೂ 17. ಅಲ್ಲಿಂದ ಇಲ್ಲಿಯವರೆಗೆ ಹೆಚ್ಚುಕಡಿಮೆ ಪ್ರತಿ ವಾರಾಂತ್ಯ ವೇದಿಕೆ, ವಾರದ ಮಧ್ಯೆ ರೆಕಾರ್ಡಿಂಗ್, ಉಳಿದ ಹೊತ್ತು ರೀಲ್ಸ್. ಆಪ್ತ ಸಮಾಲೋಚನೆಗೆಂದು ನನ್ನ ಹತ್ತಿರ ಬಂದಾಗ ಅವಳ ದೂರು ಗಂಟಲಿನದು.

"ಸ್ಟೇಜ್ ಹತ್ತೋ ಮುಂಚೆ ಗಂಟಲು ಕಟ್ಟುತ್ತೆ ಮೇಡಂ. ಮೊದಲನೇ ಸಾಲು ಹೊರಗೇ ಬರಲ್ಲ."

ಇಎನ್‌ಟಿ ವೈದ್ಯರು ಕ್ಯಾಮೆರಾ ಇಳಿಸಿ ನೋಡಿದ್ದರು. ಧ್ವನಿತಂತುಗಳಲ್ಲಿ ಗಂಟಿಲ್ಲ, ಊತವಿಲ್ಲ. ಕತ್ತಿನ ಮತ್ತು ದವಡೆಯ ಸ್ನಾಯುಗಳು ಮಾತ್ರ ಬಿಗಿದುಕೊಂಡಿವೆ ಎಂದು ಹೇಳಿ ಧ್ವನಿ ಚಿಕಿತ್ಸಕರ ಹತ್ತಿರಕ್ಕೂ ನನ್ನ ಹತ್ತಿರಕ್ಕೂ ಕಳಿಸಿದ್ದರು. ಒಳ್ಳೆಯ ಕೆಲಸ. ಗಂಟಲು ಸರಿ ಇದೆ ಅಂದರೆ ತೊಂದರೆಯೇ ಇಲ್ಲ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ.

ಮೊದಲ ಭೇಟಿಯಲ್ಲೇ ಒಂದು ವಿಷಯ ನನಗೆ ಗಾಬರಿ ತಂದಿತು. ಕಾರ್ಯಕ್ರಮದ ದಿನ ಅವಳು ಒಂದು ಮಾತ್ರೆ ನುಂಗುತ್ತಿದ್ದಳು. ತಂಡದ ಕೀಬೋರ್ಡ್ ವಾದಕರೊಬ್ಬರು "ಇದು ತಗೋ, ಕೈ ನಡುಗಲ್ಲ" ಎಂದು ಕೊಟ್ಟದ್ದಂತೆ. ಪರ್ಸಿನಿಂದ ತೆಗೆದು ತೋರಿಸಿದಳು. ಪ್ರೊಪ್ರನೊಲಾಲ್. ಎದೆಬಡಿತವನ್ನು, ನಡುಕವನ್ನು ತಗ್ಗಿಸುವ ಬೀಟಾ ಬ್ಲಾಕರ್ ಇದು. ವೇದಿಕೆಯ ಹೆದರಿಕೆಗೆ ವೈದ್ಯರೇ ಕೆಲವರಿಗೆ ಬರೆದು ಕೊಡುವುದೂ ಉಂಟು. ಆದರೆ ಅದೇ ಪರ್ಸಿನಲ್ಲಿ ಇನ್‌ಹೇಲರ್ ಕೂಡ ಇತ್ತು. ಅವಳಿಗೆ ಚಿಕ್ಕಂದಿನಿಂದ ಆಸ್ತಮಾ. ಆಸ್ತಮಾ ಇರುವವರಲ್ಲಿ ಈ ಮಾತ್ರೆ ಶ್ವಾಸನಾಳ ಬಿಗಿಯುವಂತೆ ಮಾಡಬಹುದು. ಮಾತ್ರೆ ಕೊಡುವುದು, ಬಿಡಿಸುವುದು ನನ್ನ ಕೆಲಸವಲ್ಲ. ಅವಳ ವೈದ್ಯರಿಗೆ ನನ್ನೆದುರೇ ಫೋನ್ ಮಾಡಿಸಿ, ಇನ್ನೊಂದು ನುಂಗುವ ಮುಂಚೆ ಹೋಗಿ ತೋರಿಸಿ ಬನ್ನಿ ಎಂದೆ. ಹಾಡುವವರ ನಡುವೆ ಹೀಗೆ ಮಾತ್ರೆ ಕೈಬದಲಾಗುವುದು ತುಂಬಾ ಸಾಮಾನ್ಯ. ಕೊಡುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ.

ಎರಡನೆಯ ವಿಷಯ ಹೊರಬರಲು ನಾನು ನೇರವಾಗಿ ಕೇಳಬೇಕಾಯಿತು. "ಸತ್ತುಹೋಗಬೇಕು ಅಂತ ಯಾವಾಗಲಾದರೂ ಅನ್ನಿಸಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದರ ಉಲ್ಟಾ. ನೇರವಾಗಿ, ಸಮಾಧಾನವಾಗಿ ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಯಾರೂ ಕೇಳದ ಮಾತನ್ನು ಒಬ್ಬರಾದರೂ ಕೇಳಿದರಲ್ಲ ಎಂದು ಎದುರಿನವರಿಗೆ ಹಗುರವಾಗುತ್ತದೆ.

ಇಂಚರ ಸ್ವಲ್ಪ ಹೊತ್ತು ಸುಮ್ಮನಿದ್ದು "ಒಂದ್ಸಲ" ಎಂದಳು.

ಸುಮಾರು ಎಂಟು ತಿಂಗಳ ಹಿಂದಿನ ಮಾತು. ದೊಡ್ಡದೊಂದು ಕಾರ್ಯಕ್ರಮ ಮುಗಿಸಿ ಹೋಟೆಲ್ ರೂಮಿಗೆ ಬಂದಿದ್ದಳು. ಜನ ಕುಣಿದಿದ್ದರು, ಚಪ್ಪಾಳೆ ನಿಂತೇ ಇರಲಿಲ್ಲ. ರೂಮಿನಲ್ಲಿ ಒಬ್ಬಳೇ ಕೂತಾಗ ಇನ್ನು ಸಾಕು ಅನ್ನಿಸಿತ್ತು. ಆ ಹೊತ್ತಿನಲ್ಲಿ ಫೋನ್ ತೆಗೆದು ಕೊನೆಯದಾಗಿ ಮಾತಾಡಿದ್ದ ನಂಬರ್ ಒತ್ತಿದಳು. ಅದು ಸುಹಾಸ್‌ದು. ಸಂಜೆ ಸೌಂಡ್ ಚೆಕ್ ಬಗ್ಗೆ ಮಾತಾಡಿದ್ದರು, ಅಷ್ಟೇ ಪರಿಚಯ. ಅವನು ಬಂದ. ಬೆಳಗಾಗುವವರೆಗೆ ಕೂತು ಮಾತಾಡಿಸಿದ. ಪ್ರೀತಿ ಶುರುವಾದದ್ದು ಆಮೇಲೆ. ಆ ರಾತ್ರಿಯ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಕಥೆ ಕೇಳಿದರೆ ಸಿನಿಮಾ ನೆನಪಾಗುತ್ತೆ, ಅಲ್ವಾ? ಅವರಿಗೂ ಹಾಗೇ ಆಗಿತ್ತು. ಖ್ಯಾತಿಯ ಭಾರಕ್ಕೆ ಕುಸಿಯುವ ಗಾಯಕಿ, ಅವಳನ್ನು ಎತ್ತಿ ನಿಲ್ಲಿಸುವ ಸಾಮಾನ್ಯ ಹುಡುಗ. ಇಂಥದ್ದೇ ಒಂದು ಪ್ರೇಮಕಥೆಯ ಸಿನಿಮಾವನ್ನು ಇಬ್ಬರೂ ಒಟ್ಟಿಗೆ ನೋಡಿದ್ದರು. "ನೋಡು, ನಮ್ದೇ ಕಥೆ" ಎಂದು ಸುಹಾಸ್ ಖುಷಿಪಟ್ಟಿದ್ದ. ಅವಳೂ ನಕ್ಕಿದ್ದಳು. ರಾತ್ರಿ ನಿದ್ದೆ ಬರಲಿಲ್ಲ.

"ಸಿನಿಮಾದಲ್ಲಿ ಅವನು ಬಂದ್ಮೇಲೆ ಅವಳು ಸರಿಹೋದಳು ಮೇಡಂ. ನನಗೆ ಇಷ್ಟು ಒಳ್ಳೇ ಹುಡುಗ ಸಿಕ್ಕಿದಾನೆ. ನಾನ್ಯಾಕೆ ಸರಿಹೋಗಿಲ್ಲ? ನನ್ನಲ್ಲೇ ಏನೋ ಕೆಟ್ಟುಹೋಗಿದೆ ಅನ್ಸುತ್ತೆ."

ನನ್ನ ಹತ್ತಿರ ಬರಲು ಅವಳು ಮನಸ್ಸು ಮಾಡಿದ್ದು ಆ ರಾತ್ರಿಯಂತೆ. ಇಂಥ ಸಿನಿಮಾಗಳ ಮೇಲೆ ನನಗೆ ಸಿಟ್ಟಿಲ್ಲ, ನಾನೂ ನೋಡಿ ಅತ್ತಿದ್ದೇನೆ. ಆದರೆ ಅವು ನಿಲ್ಲುವ ಜಾಗ ಒಂದೇ. ವೇದಿಕೆ, ಬೆಳಕು, ಅಪ್ಪುಗೆ, ಹೆಸರುಗಳು ಓಡುತ್ತವೆ. ಮಾರನೇ ದಿನ ಅವಳಿಗೆ ಮತ್ತೆ ರಿಹರ್ಸಲ್ ಇರುತ್ತದೆ, ಅವನಿಗೆ ಡ್ಯೂಟಿ ಇರುತ್ತದೆ. ಅದನ್ನು ಯಾರೂ ತೋರಿಸುವುದಿಲ್ಲ. ನಾನು ಇಂಚರಳಿಗೆ ಒಂದು ಕೆಲಸ ಕೊಟ್ಟೆ. ಆ ಸಿನಿಮಾದ ಮುಂದಿನ ಆರು ತಿಂಗಳ ಕಥೆ ಬರೆದು ತನ್ನಿ ಎಂದೆ. ತಂದಳು. ಅವಳು ಬರೆದ ಕಥೆಯಲ್ಲಿ ಹುಡುಗ ಕೆಲಸ ಬಿಟ್ಟಿದ್ದ, ಗಾಯಕಿಯ ಫೋನ್ ಸದಾ ಅವನ ಕೈಯಲ್ಲೇ ಇತ್ತು, ಅವಳು ಬಾತ್‌ರೂಮಿಗೆ ಹೋಗಿ ಹತ್ತು ನಿಮಿಷವಾದರೆ ಬಾಗಿಲು ತಟ್ಟುತ್ತಿದ್ದ. ಓದಿ ಮುಗಿಸಿ ಅವಳೇ ಹೇಳಿದಳು, "ಇದು ಸಿನಿಮಾ ಅಲ್ಲ."

ಸುಹಾಸ್ ಏನು ಕೆಲಸ ಮಾಡುತ್ತಾನೆ ಎನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತೊಂದರೆಯ ಗಂಟು ಅಲ್ಲೇ ಇತ್ತು. ಅವನು ಮಾನಿಟರ್ ಇಂಜಿನಿಯರ್. ಜನರಿಗೆ ಕೇಳುವ ಸದ್ದನ್ನು ನೋಡಿಕೊಳ್ಳುವವರು ಸಭಾಂಗಣದ ನಡುವೆ ಕೂತಿರುತ್ತಾರೆ. ಇವನು ಕೂರುವುದು ವೇದಿಕೆಯ ಪಕ್ಕದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ. ಹಾಡುವವರ ಕಿವಿಯೊಳಗಿನ ಇಯರ್‌ಪೀಸಿಗೆ ಏನು, ಎಷ್ಟು ಕೇಳಬೇಕು ಎಂದು ಹೊಂದಿಸುವುದು ಅವನ ಕೆಲಸ. ಅವಳ ಮೈಕ್ ಅವನ ಹೆಡ್‌ಫೋನಿನಲ್ಲಿ ಸದಾ ತೆರೆದಿರುತ್ತದೆ.

"ಜನಕ್ಕೆ ಹಾಡು ಕೇಳುತ್ತೆ ಮೇಡಂ, ನನಗೆ ಅದಕ್ಕೂ ಮುಂಚೆ ಉಸಿರು ಕೇಳುತ್ತೆ" ಎಂದ ಜಂಟಿ ಭೇಟಿಯೊಂದರಲ್ಲಿ. "ಎರಡು ಸಲ ಗಿಡ್ಡ ಉಸಿರು ಎಳ್ಕೊಂಡ್ರೆ ಇವತ್ತು ಕಷ್ಟ ಇದೆ ಅಂತ ಗೊತ್ತಾಗುತ್ತೆ."

ಹಾಗಾದಾಗ ಅವನು ಟಾಕ್‌ಬ್ಯಾಕ್ ಒತ್ತಿ ಅವಳ ಕಿವಿಗೆ ಮಾತ್ರ ಕೇಳುವಂತೆ ಒಂದೇ ಮಾತು ಹೇಳುತ್ತಿದ್ದ. "ಇದೀನಿ." ಅಷ್ಟೇ. ಅವಳ ಗಂಟಲು ಬಿಡುತ್ತಿತ್ತು, ಹಾಡು ಶುರುವಾಗುತ್ತಿತ್ತು. ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಕೇಳಿ ಹಾಗೇ ಅನ್ನಿಸಿತು. ಆದರೆ ಮೊದಮೊದಲು ಕಷ್ಟದ ದಿನ ಮಾತ್ರ ಬೇಕಾಗಿದ್ದ ಆ ಮಾತು ಎರಡು ತಿಂಗಳಲ್ಲಿ ಪ್ರತಿ ಕಾರ್ಯಕ್ರಮಕ್ಕೂ ಬೇಕಾಯಿತು, ಆಮೇಲೆ ಪ್ರತಿ ಹಾಡಿಗೂ. ಒಮ್ಮೆ ಅವನಿಗೆ ಜ್ವರ ಬಂತು. ಬೇರೆ ಇಂಜಿನಿಯರ್ ಕೂತಿದ್ದರು. ಇಂಚರಳಿಗೆ ಮೊದಲ ಹಾಡು ಎತ್ತಲು ಆಗಲೇ ಇಲ್ಲ. ಹಿನ್ನೆಲೆಗೆಂದು ಇಟ್ಟುಕೊಂಡಿದ್ದ ರೆಕಾರ್ಡೆಡ್ ಟ್ರ್ಯಾಕ್ ಮರ್ಯಾದೆ ಉಳಿಸಿತು. ಆ ದಿನದ ತುಣುಕೊಂದು ಹರಿದಾಡಿತು. "ತುಟಿ ಆಡಿಸೋಕೆ ಇಷ್ಟು ಸಂಭಾವನೆನಾ?" ಎಂದು ಜನ ಕೇಳಿದರು.

ನಮ್ಮ ಕೆಲಸದಲ್ಲಿ ಇದಕ್ಕೆ ಸುರಕ್ಷತಾ ವರ್ತನೆ ಎನ್ನುತ್ತೇವೆ. ಹೆದರಿಕೆ ಬಂದಾಗ ಒಂದು ಆಸರೆ ಹಿಡಿಯುತ್ತೇವೆ, ಹೆದರಿಕೆ ಇಳಿಯುತ್ತದೆ. ಮನಸ್ಸು ಕಲಿಯುವ ಪಾಠ ಮಾತ್ರ ಬೇರೆ: ಆಸರೆ ಇದ್ದದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ಮುಗಿದೇ ಹೋಗಿತ್ತು. ಹೆದರಿಕೆ ತಾನಾಗಿ ಇಳಿಯುತ್ತದೆ ಎನ್ನುವುದನ್ನು ಅದು ಕಲಿಯುವುದೇ ಇಲ್ಲ. ವೇದಿಕೆಯನ್ನೇ ತಪ್ಪಿಸಿಕೊಂಡರೂ ಹೀಗೇ ಆಗುತ್ತದೆ. ಅಮೆರಿಕದ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಭಾರೀ ಜನರ ಮುಂದೆ ಹಾಡುವಾಗ ಸಾಹಿತ್ಯ ಮರೆತಿದ್ದರು. ಅದರ ಹೆದರಿಕೆ ಅವರನ್ನು ವರ್ಷಾನುಗಟ್ಟಲೆ ಬಿಡಲಿಲ್ಲ. ಮತ್ತೆ ದೊಡ್ಡ ಸಂಗೀತ ಪ್ರವಾಸಕ್ಕೆ ಹೊರಟದ್ದು 1994ರಲ್ಲಿ, ಸಾಹಿತ್ಯ ತೋರಿಸುವ ಟೆಲಿಪ್ರಾಂಪ್ಟರ್ ಇಟ್ಟುಕೊಂಡು. ಈ ಉದಾಹರಣೆ ಹೇಳಿದಾಗ ಇಂಚರ ತಕ್ಷಣ ಕೇಳಿದಳು, "ಹಾಗಾದ್ರೆ ಟೆಲಿಪ್ರಾಂಪ್ಟರ್ ಕೂಡ ಆಸರೆನೇ ಅಲ್ವಾ?" ಹೌದು, ಆಸರೆಯೇ. ಆದರೆ ಅದಕ್ಕೆ ಜ್ವರ ಬರುವುದಿಲ್ಲ, ಅದರ ಜೊತೆ ಜಗಳವಾಗುವುದಿಲ್ಲ. ಮುಖ್ಯವಾಗಿ, ನೀವು ಅದನ್ನು ಪ್ರೀತಿಸಬೇಕಾಗಿಲ್ಲ.

ಆದ್ದರಿಂದ "ಇದೀನಿ" ಎನ್ನುವ ಮಾತನ್ನು ಮೆಲ್ಲಗೆ ಬಿಡಿಸುವುದು ನಮ್ಮ ಮೊದಲ ದೊಡ್ಡ ಕೆಲಸವಾಯಿತು. ಒಂದೇ ಏಟಿಗೆ ಕಿತ್ತುಹಾಕಲಿಲ್ಲ. ಮೊದಲು ರಿಹರ್ಸಲ್‌ನಲ್ಲಿ ಅವನು ಆ ಮಾತನ್ನು ಹಾಡಿಗೆ ಮುಂಚೆ ಹೇಳದೆ ಮೊದಲ ಸಾಲು ಮುಗಿದ ಮೇಲೆ ಹೇಳಿದ. ಆಮೇಲೆ ಮಾತಿಲ್ಲ, ಬರೀ ಕೈ ಎತ್ತುವುದು. ಆಮೇಲೆ ಅದೂ ಇಲ್ಲ. ಅದರ ಜಾಗದಲ್ಲಿ ಅವಳ ಮೈಗೇ ಸೇರಿದ್ದನ್ನು ತಂದೆವು: ಎರಡೂ ಪಾದ ನೆಲಕ್ಕೆ ಒತ್ತುವುದು, ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡುವುದು, ಮೈಕಿನಿಂದ ಮುಖ ತಿರುಗಿಸಿ ಶ್ರುತಿ ಹಿಡಿದು ಒಂದು ಸಣ್ಣ ಗುನುಗು. ಗುನುಗುವುದನ್ನು ಹೇಳಿಕೊಟ್ಟದ್ದು ನಾನಲ್ಲ, ಧ್ವನಿ ಚಿಕಿತ್ಸಕರು. ಬಿಗಿದ ಗಂಟಲನ್ನು ಸಡಿಲಿಸಲು ಅದು ಒಳ್ಳೆಯ ದಾರಿಯಂತೆ.

ಇಲ್ಲೇ ಒಂದು ವಿಚಿತ್ರ ಗೊತ್ತಾಯಿತು. ನನ್ನ ಕೋಣೆಯಲ್ಲಿ ಒಮ್ಮೆ ಗುನುಗಿ ತೋರಿಸಿ ಎಂದೆ. ಇಂಚರ ಶುರು ಮಾಡಿದಳು. ಎರಡು ಸ್ವರ ಬರುತ್ತಿದ್ದ ಹಾಗೆ ಅವಳ ಕೈ ಕೂದಲು ಸರಿಮಾಡಿಕೊಂಡಿತು, ಗಲ್ಲ ಸ್ವಲ್ಪ ಎಡಕ್ಕೆ ತಿರುಗಿತು. ಕಣ್ಣು ಏನನ್ನೋ ಹುಡುಕಿತು. "ಏನು ನೋಡ್ತಿದೀರಿ?" ಎಂದು ಕೇಳಿದೆ. ಅವಳಿಗೇ ಗೊತ್ತಿರಲಿಲ್ಲ. ಯೋಚಿಸಿ ಹೇಳಿದಳು: ಮನೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಅಮ್ಮನ ಫೋನ್ ಮೇಲೇಳುತ್ತದೆ. ಬಟ್ಟೆ ಮಡಚುವಾಗ ಗುನುಗಿದ್ದನ್ನು ರೆಕಾರ್ಡ್ ಮಾಡಿ ಹಾಕಿದ್ದಕ್ಕೆ ಲಕ್ಷಾಂತರ ಜನ ನೋಡಿದ್ದರು. ಅವಳು ಎಡಗಡೆಯಿಂದ ಚೆನ್ನಾಗಿ ಕಾಣುತ್ತಾಳೆ ಎಂದು ಅವಳ ಆಲ್ಬಂ ತರುವ ಕಂಪನಿಯವರು ಹೇಳಿದ್ದರು. ಯಾರೂ ನೋಡದೆ, ಯಾರೂ ಹಿಡಿದಿಡದೆ ಕೊನೆಯ ಸಲ ಹಾಡಿದ್ದು ಯಾವಾಗ ಎಂದು ಕೇಳಿದರೆ ಅವಳಿಗೆ ನೆನಪಾಗಲಿಲ್ಲ. ಹಾಗಾಗಿ ದಿನಕ್ಕೆ ಕಾಲು ಗಂಟೆ, ಬಾಗಿಲು ಹಾಕಿಕೊಂಡು, ಎಲ್ಲ ಫೋನ್ ಹೊರಗಿಟ್ಟು ಹಾಡುವುದು ಎಂದು ಗೊತ್ತುಮಾಡಿದೆವು. ಅಪಸ್ವರ ಬಂದರೂ ಸರಿ. ಮೊದಲ ವಾರ ಅವಳಿಗೆ ತುಂಬಾ ಬೇಸರವಾಯಿತಂತೆ. "ವೇಸ್ಟ್ ಅನ್ಸುತ್ತೆ ಮೇಡಂ" ಎಂದಳು.

"ಹಾಡೋದನ್ನೇ ಬಿಟ್ಟುಬಿಡು" ಎಂದು ಅವಳಿಗೆ ಹೇಳಿದವರು ಕಡಿಮೆ ಜನ ಇರಲಿಲ್ಲ. ಸುಹಾಸ್ ಕೂಡ ಒಮ್ಮೆ ಹಾಗೆಂದಿದ್ದ. ನಾನು ಆ ಸಲಹೆ ಕೊಡಲಿಲ್ಲ. ಖ್ಯಾತಿಯೇ ವಿಷ ಅನ್ನುವುದು ಹೇಳುವವರಿಗೆ ಸುಲಭ. ಹಾಡು ಅವಳ ಅನ್ನ, ಅವಳ ಇಷ್ಟ, ಅವಳಿಗೆ ನಿಜಕ್ಕೂ ಬರುವ ವಿದ್ಯೆ. ಅದರ ಸುತ್ತ ಸೇರಿಕೊಂಡದ್ದನ್ನು ಬೇರೆ ಮಾಡುವುದೇ ನಮ್ಮ ಕೆಲಸ.

ಸುರಕ್ಷತೆಯ ವಿಷಯವನ್ನು ಮಾತ್ರ ಮೊದಲ ದಿನವೇ ಮುಗಿಸಿದ್ದೆವು, ಅದನ್ನು ಮುಂದೂಡುವ ಹಾಗಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಆರು ಹಂತದ ಸುರಕ್ಷತಾ ಯೋಜನೆಯನ್ನು ನಾನು ಬಳಸುತ್ತೇನೆ. ಒಂದು ಹಾಳೆ ಸಾಕು. ಕೆಟ್ಟ ಹೊತ್ತು ಬರುತ್ತಿದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ, ಆಗ ಒಬ್ಬಳೇ ಏನು ಮಾಡಬಲ್ಲೆ, ಮನಸ್ಸು ಬೇರೆ ಕಡೆ ಹೊರಳಿಸಲು ಯಾರ ಹತ್ತಿರ ಅಥವಾ ಎಲ್ಲಿಗೆ ಹೋಗಬಹುದು, ನೇರವಾಗಿ ಸಹಾಯ ಯಾರನ್ನು ಕೇಳಬಹುದು, ಯಾವ ವೈದ್ಯರಿಗೆ ಅಥವಾ ಸಹಾಯವಾಣಿಗೆ ಫೋನ್ ಮಾಡಬಹುದು, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಹೇಗೆ ಇಡಬಹುದು. ಎಲ್ಲವನ್ನೂ ಅವಳೇ, ಅವಳ ಮಾತಿನಲ್ಲೇ ಬರೆಯಬೇಕು.

ಇಂಚರ ಬರೆದ ಮೊದಲ ಹಾಳೆಯಲ್ಲಿ ಮೂರನೇ ಸಾಲಿನಲ್ಲಿ ಸುಹಾಸ್, ನಾಲ್ಕನೇ ಸಾಲಿನಲ್ಲಿ ಸುಹಾಸ್, ಐದನೇ ಸಾಲಿನಲ್ಲೂ ಸುಹಾಸ್. ಇಡೀ ಮನೆ ಒಂದೇ ಕಂಬದ ಮೇಲೆ ನಿಂತಿತ್ತು. ಅವನ ಹೆಸರು ಅಳಿಸಬೇಡಿ ಎಂದೆ, ಆದರೆ ಅದರ ಜೊತೆಗೆ ಇನ್ನೂ ನಾಲ್ಕು ಹೆಸರು ಬೇಕೇ ಬೇಕು. ಸಂಗೀತ ಕಲಿಸಿದ ಮೇಷ್ಟ್ರು ಬಂದರು, ಸಂಪರ್ಕ ಬಿಟ್ಟುಹೋಗಿದ್ದ ಶಾಲೆಯ ಗೆಳತಿ ಬಂದಳು, ಒಬ್ಬ ಸೋದರಮಾವ ಬಂದರು. ಐದನೇ ಸಾಲಿಗೆ ಮನೋವೈದ್ಯರ ನಂಬರ್ ಮತ್ತು 14416. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ನನ್ನ ಧ್ವನಿ ಗುರುತು ಹಿಡಿದುಬಿಟ್ರೆ?" ಎಂದು ಕೇಳಿದಳು. ಹೆಸರಾದವರ ಕಷ್ಟ ನೋಡಿ! ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ, ಹಾಡದಿದ್ದರೆ ಸಾಕು ಎಂದೆ. ಅವತ್ತು ಮೊದಲ ಸಲ ನಕ್ಕಳು.

ಸುಹಾಸ್‌ನನ್ನು ನನ್ನ ಸಹೋದ್ಯೋಗಿಯೊಬ್ಬರ ಹತ್ತಿರ ಕಳಿಸಿದೆ. ಇಬ್ಬರ ಗುಟ್ಟನ್ನೂ ಒಬ್ಬರೇ ಇಟ್ಟುಕೊಳ್ಳುವುದು ಸರಿಯಲ್ಲ. ಜಂಟಿ ಭೇಟಿಗಳು ಮಾತ್ರ ನನ್ನಲ್ಲಿ. ಮೊದಲ ಜಂಟಿ ಭೇಟಿಗೆ ಬಂದಾಗ ಅವನ ಕಣ್ಣು ಕೆಂಪಗಿತ್ತು. ಎಂಟು ತಿಂಗಳಿಂದ ಅವನು ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗುತ್ತಿದ್ದ. ಅವಳು ಎಲ್ಲಿದ್ದಾಳೆ ಎಂದು ಮ್ಯಾಪಿನಲ್ಲಿ ನೋಡುತ್ತಿದ್ದ. ಅವಳ ಬಗ್ಗೆ ಬಂದ ಕಾಮೆಂಟುಗಳನ್ನೆಲ್ಲ ಅವಳಿಗಿಂತ ಮುಂಚೆ ಓದಿ, ಕೆಟ್ಟದ್ದನ್ನು ಅಳಿಸಿ, ಕೆಲವರಿಗೆ ಉತ್ತರವನ್ನೂ ಕೊಡುತ್ತಿದ್ದ. ಬೇರೆ ತಂಡಗಳ ಕೆಲಸ ಬಿಟ್ಟಿದ್ದ. ಅವನನ್ನು ಬಿಟ್ಟು ಉಳಿದವರೆಲ್ಲರಿಗೂ ಇದು ಪ್ರೀತಿಯಾಗಿ ಕಾಣುತ್ತಿತ್ತು. ಅವನಿಗೆ ಅದು ರಾತ್ರಿ ಪಾಳಿಯಾಗಿತ್ತು.

ಅವನನ್ನು ಹಿಡಿದಿಟ್ಟಿದ್ದು ಒಂದು ಮಾತು. ಜಗಳವಾದಾಗಲೆಲ್ಲ ಇಂಚರ ಹೇಳುತ್ತಿದ್ದಳು, "ನೀನು ಬಿಟ್ಟುಹೋದ್ರೆ ನಾನು ಇರಲ್ಲ."

ಈ ಮಾತಿಗೆ ಹೇಗೆ ಉತ್ತರಿಸಬೇಕು ಎಂದು ಬಹಳ ಪ್ರೇಮಿಗಳು, ಗಂಡಹೆಂಡಿರು ನನ್ನನ್ನು ಕೇಳಿದ್ದಾರೆ. ಹಾಗಾಗಿ ಸುಹಾಸ್‌ಗೆ ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ. ಮೊದಲನೆಯದು, ಇದನ್ನು ನಾಟಕ ಎಂದು ತಳ್ಳಿಹಾಕಬೇಡಿ. ಒಮ್ಮೆ ಅಂಚಿನವರೆಗೆ ಹೋಗಿಬಂದವರು ಹೇಳಿದಾಗಂತೂ ಬೇಡವೇ ಬೇಡ. ಎರಡನೆಯದು, "ಇಲ್ಲ ಇಲ್ಲ, ಬಿಡಲ್ಲ" ಎಂದು ಆಣೆ ಇಡಬೇಡಿ. ಆ ಆಣೆ ಆ ರಾತ್ರಿಗೆ ಸಮಾಧಾನ ಕೊಡುತ್ತದೆ, ಆದರೆ ಸಾವಿನ ಮಾತಿಗೆ ನಿಮ್ಮನ್ನು ಕಟ್ಟಿಹಾಕುವ ಬಲ ಇದೆ ಎಂದು ಇಬ್ಬರಿಗೂ ಕಲಿಸುತ್ತದೆ. ಜಗಳದ ವಿಷಯವನ್ನು ಅಲ್ಲೇ ನಿಲ್ಲಿಸಿ. "ನಾವು ಜಗಳ ಆಮೇಲೆ ಆಡೋಣ. ಈಗ ನಿನ್ನ ಹಾಳೆ ತೆಗಿ" ಎನ್ನಿ. ಅದರಲ್ಲಿ ಬರೆದ ಹಾಗೆ ಮಾಡಿ, ಇನ್ನೊಬ್ಬರನ್ನು ಕರೆಯಿರಿ. ಅಪಾಯ ಹತ್ತಿರವಿದೆ ಅನ್ನಿಸಿದರೆ ಒಬ್ಬಳನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವಳ ಅಮ್ಮನಿಗೆ ಹೇಳಿ. ಗುಟ್ಟು ಉಳಿಸುವುದಕ್ಕಿಂತ ಜೀವ ಉಳಿಸುವುದು ಮುಖ್ಯ.

ಸುಹಾಸ್ ಕೇಳಿದ, "ಅಂದ್ರೆ ನಾನು ಇಲ್ಲದಿದ್ರೂ ಅವಳು ಚೆನ್ನಾಗಿರಬಹುದು ಅಂತೀರಾ?"

"ಇರಬೇಕು" ಎಂದೆ. "ಆಗ ಮಾತ್ರ ನೀವು ಅವಳ ಜೊತೆ ಇರೋದು ನಿಮ್ಮ ಇಷ್ಟದಿಂದ ಅಂತ ಆಗುತ್ತೆ."

ಅವನಿಗೆ ಅದು ಸುಖದ ಮಾತಾಗಿರಲಿಲ್ಲ. ಕಾಪಾಡಿದವರಿಗೆ ಒಂದು ಹೆಮ್ಮೆ ಇರುತ್ತದೆ, ಅದು ತಪ್ಪೂ ಅಲ್ಲ. ಆದರೆ ಎದುರಿನವರು ಗಟ್ಟಿಯಾಗುತ್ತಾ ಹೋದ ಹಾಗೆ ತನ್ನ ಜಾಗ ಯಾವುದು ಎಂಬ ಭಯವೂ ಶುರುವಾಗುತ್ತದೆ. ಅವಳು ಒಂದು ದಿನ "ಇದೀನಿ" ಇಲ್ಲದೆ ಪೂರ್ತಿ ಕಾರ್ಯಕ್ರಮ ಮುಗಿಸಿದಾಗ ಅವನಿಗೆ ಖುಷಿಯ ಜೊತೆ ಏನೋ ಕಳೆದುಕೊಂಡ ಹಾಗೆ ಆಯಿತಂತೆ. ಅದನ್ನು ನನ್ನೆದುರು ಒಪ್ಪಿಕೊಂಡದ್ದು ಅವನ ದೊಡ್ಡತನ. ಇಬ್ಬರಿಗೂ ಕೊಟ್ಟ ಸಲಹೆ ಹೀಗಿತ್ತು. ಮ್ಯಾಪ್ ನೋಡುವುದು ನಿಲ್ಲಬೇಕು, ತಲುಪಿದಾಗ ಅವಳೇ ಒಂದು ಮೆಸೇಜ್ ಹಾಕಲಿ. ಅವನು ಬೇರೆ ತಂಡದ ಕೆಲಸ ಮತ್ತೆ ಹಿಡಿಯಬೇಕು, ಅವಳ ಕಾರ್ಯಕ್ರಮಕ್ಕೆ ಬೇರೆ ಇಂಜಿನಿಯರ್ ಬರಬೇಕು. ವಾರದಲ್ಲಿ ಒಂದು ಸಂಜೆ ಅವನು ತನ್ನ ಗೆಳೆಯರ ಜೊತೆ ಕಳೆಯಬೇಕು, ಆ ಹೊತ್ತಿಗೆ ಹಾಳೆಯ ಮೇಲಿನ ಇನ್ನೊಬ್ಬರು ಅವಳಿಗೆ ಸಿಗುವಂತಿರಬೇಕು.

ಅಮ್ಮನ ಕಥೆ ಬೇರೆ. ಇಂಚರಳ ಕೆಲಸ, ದುಡ್ಡು ನೋಡಿಕೊಳ್ಳುವ ಮ್ಯಾನೇಜರ್ ಕೂಡ ಅವರೇ. ಅವರು ಒಮ್ಮೆ ಹೇಳದೆ ಕೇಳದೆ ಬಂದರು. "ನಾನು ಅವಳ ತಾಯಿ. ಅವಳು ನಿಮ್ಮ ಹತ್ರ ಏನು ಹೇಳಿದಾಳೆ ಅಂತ ಮೊದಲು ನನಗೆ ಗೊತ್ತಾಗಬೇಕು." ಮಗಳ ಒಪ್ಪಿಗೆ ಇಲ್ಲದೆ ಏನೂ ಹೇಳುವ ಹಾಗಿಲ್ಲ ಎಂದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಆ ನಿಯಮ ಬದಲಾಗುತ್ತದೆ, ಇದನ್ನು ಇಂಚರಳಿಗೂ ಮೊದಲೇ ತಿಳಿಸಿದ್ದೆ. ಅಮ್ಮ ಸಿಟ್ಟಾಗಿ ಎದ್ದುಹೋದರು. ಮುಂದಿನ ವಾರ ಮಗಳ ಜೊತೆಯೇ ಬಂದರು.

ಅವರನ್ನು ಖಳನಾಯಕಿ ಮಾಡುವುದು ಸಿನಿಮಾಕ್ಕೆ ಚೆನ್ನ. ನಿಜದಲ್ಲಿ, ಈ ಹೆಂಗಸು ಇದ್ದ ಕೆಲಸ ಬಿಟ್ಟು, ಸಂಗೀತ ಪಾಠದ ಮನೆಯ ಹೊರಗೆ ವರ್ಷಗಟ್ಟಲೆ ಕಾದು ಕೂತು, ಮೊದಲ ಕರಾರಿಗೆ ಅರ್ಥವಾಗದ ಭಾಷೆಯಲ್ಲಿ ಸಹಿ ಹಾಕಿ ಮಗಳನ್ನು ಇಲ್ಲಿಗೆ ತಂದಿದ್ದರು. ತೊಂದರೆ ಏನೆಂದರೆ, "ನಿದ್ದೆ ಬಂತಾ ಪುಟ್ಟಿ?" ಎಂದು ಅವರು ಬೆಳಿಗ್ಗೆ ಕೇಳಿದರೆ ಕೇಳುತ್ತಿರುವುದು ಅಮ್ಮನೋ ಮ್ಯಾನೇಜರೋ ಮಗಳಿಗೆ ಗೊತ್ತಾಗುತ್ತಿರಲಿಲ್ಲ. ಬಂದಿಲ್ಲ ಅಂದರೆ ಕಾಳಜಿ ಬರುತ್ತದೋ, ಹತ್ತು ಗಂಟೆಯ ರೆಕಾರ್ಡಿಂಗ್ ಚಿಂತೆ ಬರುತ್ತದೋ? ಹಾಗಾಗಿ ಯಾವಾಗಲೂ "ಬಂತು" ಎನ್ನುತ್ತಿದ್ದಳು.

ಒಮ್ಮೆ ಜಗಳದಲ್ಲಿ ಸುಹಾಸ್ ಅವರಿಗೆ ಬ್ರಿಟ್ನಿ ಸ್ಪಿಯರ್ಸ್ ಹೆಸರು ಎಸೆದಿದ್ದ. 2008ರಿಂದ 2021ರವರೆಗೆ ಆ ಗಾಯಕಿಯ ಹಣ, ಬದುಕು ಎರಡೂ ಕೋರ್ಟ್ ಒಪ್ಪಿಸಿದವರ ಕೈಯಲ್ಲಿತ್ತು, ಅದರ ಬಹುಪಾಲು ಕಾಲ ಅವರ ತಂದೆಯೂ ಆ ಜಾಗದಲ್ಲಿದ್ದರು. ಅಮ್ಮ ಇದನ್ನು ಹೇಳಿಕೊಂಡು ಅತ್ತರು. ಹೋಲಿಕೆ ಅನ್ಯಾಯದ್ದು ಎಂದು ನಾನು ಸುಹಾಸ್‌ಗೆ ಹೇಳಿದೆ. ಇಲ್ಲಿ ಕೋರ್ಟ್ ಇಲ್ಲ, ಬಲವಂತವಿಲ್ಲ. ಆದರೆ ದುಡ್ಡಿನ ಲೆಕ್ಕ ಮಗಳಿಗೆ ಗೊತ್ತಿಲ್ಲ ಅನ್ನುವುದು ಮಾತ್ರ ನಿಜ. 23 ವರ್ಷದ ದುಡಿಯುವ ಹೆಣ್ಣುಮಗಳಿಗೆ ತನ್ನ ಖಾತೆಯಲ್ಲಿ ಎಷ್ಟಿದೆ, ಮುಂದಿನ ವರ್ಷ ಎಷ್ಟು ಕಾರ್ಯಕ್ರಮ ಒಪ್ಪಿಕೊಂಡಾಗಿದೆ ಗೊತ್ತಿರಲಿಲ್ಲ.

ಅಮ್ಮ–ಮಗಳಿಗೆ ಹೇಳಿದ್ದು ಇಷ್ಟು. ಕೆಲಸದ ಮಾತಿಗೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿ, ಅದರ ಆಚೆಗೆ ಬೇಡ. ಊಟದ ಹೊತ್ತಿಗಂತೂ ಬೇಡವೇ ಬೇಡ. ಮನೆಯವರಲ್ಲದ ಒಬ್ಬ ಆಡಿಟರ್ ಲೆಕ್ಕ ನೋಡಲಿ, ಮನೆಯವರಲ್ಲದ ಒಬ್ಬ ವಕೀಲರು ಕರಾರು ಓದಲಿ. ಆರೋಗ್ಯದ ಕಾರಣಕ್ಕೆ ಕಾರ್ಯಕ್ರಮ ಮುಂದೂಡಿದರೆ ದಂಡವಿಲ್ಲ ಎಂಬ ಸಾಲು ಅದರಲ್ಲಿ ಇದೆಯಾ ನೋಡಿ. ಇರಲಿಲ್ಲ, ಹೊಸ ಕರಾರಿನಲ್ಲಿ ಸೇರಿಸಲು ಕಂಪನಿ ಒಪ್ಪಿತು. ಕೇಳಿದ್ದರೆ ಮೊದಲೇ ಒಪ್ಪುತ್ತಿತ್ತೋ ಏನೋ. ಇನ್ನು ಆ ರಾತ್ರಿಯ ವಿಷಯವನ್ನು ಇಂಚರ ತಾನೇ ಅಮ್ಮನಿಗೆ ಹೇಳಿದಳು, ನನ್ನ ಕೋಣೆಯಲ್ಲಿ. ಅಲ್ಲಿ ಆದದ್ದನ್ನು ನಾನು ಬರೆಯುವುದಿಲ್ಲ.

ಅಮ್ಮನ ಇನ್ನೊಂದು ಭಯ ಅಭಿಮಾನಿಗಳದ್ದು. "ಹುಡುಗ ಇದಾನೆ ಅಂತ ಗೊತ್ತಾದ್ರೆ ಅರ್ಧ ಜನ ಹೋಗ್ತಾರೆ." ಇದನ್ನು ಸುಮ್ನೆ ಹಳೇ ಕಾಲದ ಯೋಚನೆ ಎಂದು ತಳ್ಳಿಹಾಕುವ ಹಾಗಿಲ್ಲ. ಇಬ್ಬರೂ ಜೊತೆಗಿದ್ದ ಫೋಟೊ ಒಂದು ಹೊರಬಿದ್ದಾಗ ನಿಜಕ್ಕೂ ಬೈಗುಳ ಬಂದಿದ್ದವು, ಹೆಚ್ಚಿನವು ಸುಹಾಸ್‌ಗೆ. ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಟಿವಿ, ರೇಡಿಯೊ ಕಲಾವಿದರ ಬಗ್ಗೆ ಬರೆಯುತ್ತಾ ಇಂಥ ಒಮ್ಮುಖ ನಂಟನ್ನು ವಿವರಿಸಿದ್ದರು. ನೋಡುವವರಿಗೆ ಆ ಕಲಾವಿದರು ಹತ್ತಿರದ ಗೆಳೆಯರಂತೆ ಅನ್ನಿಸುತ್ತಾರೆ, ಕಲಾವಿದರಿಗೆ ಇವರ್ಯಾರೂ ಗೊತ್ತಿರುವುದಿಲ್ಲ. ಬಟ್ಟೆ ಮಡಚುವ ವಿಡಿಯೊ ಹಾಕಿ ನಂಟನ್ನು ದಿನಾ ಬೆಳೆಸಿದ್ದು ಇವರೇ. ಆ ನಂಟಿಗೆ ಮೋಸವಾಯಿತು ಎಂದು ಅಭಿಮಾನಿ ಸಿಟ್ಟಾದರೆ ಅವನ ನೋವೂ ಸುಳ್ಳಲ್ಲ. ಆದರೆ ಅವನ ನೋವಿನ ಸಾಲ ತೀರಿಸುವ ಜವಾಬ್ದಾರಿ ಇಂಚರಳದ್ದಲ್ಲ. ಮನೆಯೊಳಗಿನ ವಿಡಿಯೊ ನಿಲ್ಲಿಸಿ, ಹಾಡಿನ ವಿಡಿಯೊ ಹಾಕಿ ಎಂದೆ. ಕಾಮೆಂಟುಗಳನ್ನು ನೋಡಿಕೊಳ್ಳಲು ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಂಡರು. ಕಾರ್ಯಕ್ರಮದ ರಾತ್ರಿ ಇಬ್ಬರ ಫೋನೂ ಬೆಳಗಿನವರೆಗೆ ಕಾಮೆಂಟು ನೋಡಿಕೊಳ್ಳುವವರ ಹತ್ತಿರ ಇರುತ್ತದೆ, ಇಂಚರಳ ಹತ್ತಿರ ಬರೀ ಕರೆ ಮಾಡಲು ಬರುವ ಸಾದಾ ಫೋನ್. ಚಪ್ಪಾಳೆ ನಿಂತ ಮೇಲಿನ ಒಂದೆರಡು ಗಂಟೆ ಅವಳಿಗೆ ಅತಿ ಕಷ್ಟದ್ದು ಎಂದು ಹಾಳೆಯ ಮೊದಲ ಸಾಲಿನಲ್ಲೇ ಇದೆ. ಆ ಹೊತ್ತಿಗೆ ಶಾಲೆಯ ಗೆಳತಿ ಫೋನ್ ಮಾಡುತ್ತಾಳೆ, ಇಬ್ಬರೂ ಹಾಡಿನ ವಿಷಯ ಬಿಟ್ಟು ಬೇರೆಲ್ಲ ಹರಟುತ್ತಾರೆ.

ಎಲ್ಲ ಸರಿಹೋಗಿದೆ ಎಂದು ಹೇಳಲಾರೆ. ಗಂಟಲು ಈಗಲೂ ಕೆಲವೊಮ್ಮೆ ಕಟ್ಟುತ್ತದೆ, ಆದರೆ ಅವಳು ಕಾಯುತ್ತಾಳೆ, ಅದು ಬಿಡುತ್ತದೆ. ಒಮ್ಮೆ ವಾದ್ಯದವರು ಆರಂಭದ ಸಂಗೀತವನ್ನು ಎರಡು ಸಲ ನುಡಿಸಬೇಕಾಯಿತು, ಜನಕ್ಕೆ ಗೊತ್ತೇ ಆಗಲಿಲ್ಲ. ಮನೋವೈದ್ಯರ ಚಿಕಿತ್ಸೆ ನಡೆಯುತ್ತಿದೆ. ನಡುವೆ ಒಂದು ಕೆಟ್ಟ ವಾರ ಬಂತು, ಹಾಳೆ ಕೆಲಸಕ್ಕೆ ಬಂತು. ಆ ರಾತ್ರಿ ಅವಳು ಮೊದಲು ಫೋನ್ ಮಾಡಿದ್ದು ಮೇಷ್ಟ್ರಿಗೆ. ಸುಹಾಸ್‌ಗೆ ಗೊತ್ತಾದದ್ದು ಮಾರನೇ ದಿನ. ಅವನಿಗೆ ಬೇಜಾರಾಯಿತು, ನನ್ನ ಸಹೋದ್ಯೋಗಿಯ ಹತ್ತಿರ ಅದನ್ನೇ ಒಂದು ಗಂಟೆ ಮಾತಾಡಿದನಂತೆ. ಒಳ್ಳೆಯದೇ ಆಯಿತು.

ಈಗ ಇಬ್ಬರ ಮುಂದಿರುವ ಪ್ರಶ್ನೆ ಬೇರೆ. ತಮ್ಮ ಪ್ರೀತಿಯನ್ನು ತಾವೇ ಎಲ್ಲರಿಗೂ ಹೇಳಿಬಿಡಬೇಕು ಎಂದು ಸುಹಾಸ್‌ಗೆ ಆಸೆ, ಇಂಚರಳಿಗೆ ಇನ್ನೂ ಮನಸ್ಸಿಲ್ಲ. "ಕದ್ದು ಮುಚ್ಚಿ ಇರೋಕೆ ನಾನೇನು ಕಳ್ಳನಾ?" ಎಂದು ಅವನು ಕೇಳುತ್ತಾನೆ. "ಇದೊಂದಾದ್ರೂ ನನ್ನದಾಗಿ ಇರ್ಲಿ" ಎಂದು ಅವಳು. ಇದರಲ್ಲಿ ನಾನು ಯಾರ ಪಕ್ಷವನ್ನೂ ಹಿಡಿದಿಲ್ಲ. ಕಂಪನಿಯ ಹೊಸ ಆಲ್ಬಂ ಬರುವ ಹೊತ್ತಿಗೆ ಪ್ರಚಾರಕ್ಕಾಗಿ ಮಾತ್ರ ಹೇಳಬೇಡಿ, ಜಗಳವಾಡಿ ರಾಜಿಯಾದ ರಾತ್ರಿಯೂ ಹೇಳಬೇಡಿ ಎಂದಿದ್ದೇನೆ. ಹೇಳಿದ ಮೇಲೆ ಬರುವ ಮೊದಲ ವಾರದ ಕಾಮೆಂಟುಗಳನ್ನು ಇಬ್ಬರೂ ಓದುವುದಿಲ್ಲ ಎಂದು ಒಪ್ಪಿಕೊಳ್ಳುವವರೆಗೆ ತಡೆಯಿರಿ ಎಂದೂ ಹೇಳಿದ್ದೇನೆ. ಸುಹಾಸ್ ಆ ಕೊನೆಯ ಷರತ್ತಿಗೆ ಇನ್ನೂ ಒಪ್ಪಿಲ್ಲ. ಮುಂದಿನ ಜಂಟಿ ಭೇಟಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.